ಓದಲು ಹೊರಟ ಅಮ್ಮನ ಜೊತೆ ಗಂಡ, ಮಕ್ಕಳೂ ಬರಬಹುದೇ?

ಪ್ರಶ್ನೆ: ಸರ್, ನಾನು ಉಡುಪಿಯವಳು. ವಯಸ್ಸು 34. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಕೋರ್ಸಿಗೂ ಆಸ್ಟ್ರೇಲಿಯಾದಲ್ಲಿ ಎರಡು ವರ್ಷದ ಕೋರ್ಸಿಗೂ ಸೀಟು ಸಿಕ್ಕಿದೆ. 30 ಲಕ್ಷ ಸಾಲ ಮಂಜೂರಾಗಿದೆ. ಗಂಡನಿಗೆ ಎಲೆಕ್ಟ್ರಿಕಲ್ ಅಂಗಡಿ ಇದೆ, ವಯರಿಂಗ್ ಕೆಲಸವನ್ನೂ ಮಾಡುತ್ತಾರೆ. ಮಗಳಿಗೆ 8 ವರ್ಷ, ಮಗನಿಗೆ 3. ನಾಲ್ವರೂ ಒಟ್ಟಿಗೆ ಇರಬೇಕು ಅಂತ ನಮ್ಮ ಇಷ್ಟ. ಏಜೆಂಟರು, "ಇಂಗ್ಲೆಂಡಿಗೆ ನೀವು ಮೊದಲು ಹೋಗಿ, ಆಮೇಲೆ ಫ್ಯಾಮಿಲಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳಿ" ಅನ್ನುತ್ತಾರೆ. ಅತ್ತೆ, "ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ, ನೀನು ಹೋಗಿ ಬಾ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಏಜೆಂಟರ ಮಾತನ್ನು ಇವತ್ತೇ ಬಿಟ್ಟುಬಿಡಿ. ಅತ್ತೆಯ ಮಾತಿಗೆ ಆಮೇಲೆ ಬರೋಣ, ಅದರಲ್ಲಿ ಅರ್ಧ ಸತ್ಯ ಇದೆ.

ಇಂಗ್ಲೆಂಡಿನ ನಿಯಮ ಬಹಳ ಸ್ಪಷ್ಟ. 2024ರ ಜನವರಿ 1 ಅಥವಾ ಆಮೇಲೆ ಶುರುವಾದ ಕೋರ್ಸುಗಳಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಆಗಿ, ಅಂದರೆ ತಮ್ಮ ವೀಸಾವನ್ನು ಅವಲಂಬಿಸಿ ಬರುವವರಾಗಿ, ಕರೆದುಕೊಂಡು ಹೋಗುವ ಹಾಗಿಲ್ಲ. ಪಿಎಚ್‌ಡಿ ಅಥವಾ ಸಂಶೋಧನೆಯ ಉನ್ನತ ಪದವಿ ಮಾಡುವವರಿಗೆ ವಿನಾಯಿತಿ ಇದೆ. ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಆರು ತಿಂಗಳಿಗಿಂತ ಜಾಸ್ತಿ ಅವಧಿಯ ಕೋರ್ಸಿಗೆ ಹೋಗುವವರಿಗೂ ಇದೆ. ಕ್ಲಾಸಿಗೆ ಹೋಗಿ ಪಾಠ ಕೇಳುವ ನಿಮ್ಮ ಒಂದು ವರ್ಷದ ಮಾಸ್ಟರ್ಸ್ ಇದರಲ್ಲಿ ಯಾವುದೂ ಅಲ್ಲ. ಕೋರ್ಸ್ ಮುಗಿದ ಮೇಲೆ ಅಲ್ಲೇ ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾದಲ್ಲೂ ಹೊಸದಾಗಿ ಮನೆಯವರನ್ನು ಸೇರಿಸಲು ಬರುವುದಿಲ್ಲ. ಓದುವಾಗಲೇ ಡಿಪೆಂಡೆಂಟ್ ಆಗಿದ್ದವರು ಮಾತ್ರ ಮುಂದುವರಿಯಬಹುದು.

ವಿಸಿಟ್ ವೀಸಾ ಇರುವುದು ನೋಡಿ ಹೋಗುವುದಕ್ಕೆ. ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಆದರೆ ಮತ್ತೆ ಮತ್ತೆ ಬಂದು ಅಲ್ಲೇ ಸಂಸಾರ ಮಾಡುವ ಹಾಗಿಲ್ಲ. ನಿಮ್ಮ ಗಂಡ ಕೆಲಸ ಮಾಡುವ ಹಾಗಿಲ್ಲ. ಆ ವೀಸಾದಲ್ಲಿ ಹೋದ ಮಗಳಿಗೆ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಕಲಿಯುವ ಹಕ್ಕಿಲ್ಲ. ಸುಳ್ಳು ಹೇಳಿ ವೀಸಾ ತೆಗೆದುಕೊಂಡರು ಅಂತ ತೀರ್ಮಾನವಾದರೆ ಹತ್ತು ವರ್ಷದವರೆಗೆ ಮುಂದಿನ ಅರ್ಜಿಗಳು ತಿರಸ್ಕಾರವಾಗಬಹುದು. ಆ ಕಪ್ಪು ಚುಕ್ಕೆ ಬೀಳುವುದು ನಿಮ್ಮವರ ಪಾಸ್‌ಪೋರ್ಟಿಗೆ, ಏಜೆಂಟರಿಗಲ್ಲ.

ನಮ್ಮ ಕರಾವಳಿಯಲ್ಲಿ ಈ ಗೊಂದಲ ಹುಟ್ಟಲು ಒಂದು ಕಾರಣ ಇದೆ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಪ್ರತಿ ಮನೆಯಲ್ಲೂ ದುಬೈ, ಕುವೈತ್, ಮಸ್ಕತ್ ಕಂಡವರು ಒಬ್ಬರಾದರೂ ಇದ್ದಾರೆ. 'ಫ್ಯಾಮಿಲಿ ವೀಸಾ' ಅನ್ನುವ ಮಾತು ಕೇಳಿಕೊಂಡೇ ನಾವು ಬೆಳೆದವರು. ಗಂಡಸು ಮೊದಲು ಹೋಗುತ್ತಾನೆ, ಸಂಬಳ ಏರುತ್ತದೆ, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾನೆ. ಗಲ್ಫಿನಲ್ಲಿ ಅದು ಸಂಬಳದ ಲೆಕ್ಕ. ಓದುವವರಿಗೆ ಆ ಲೆಕ್ಕ ನಡೆಯುವುದಿಲ್ಲ. ಮನೆಯವರು ಬರಬಹುದೋ ಇಲ್ಲವೋ ಅನ್ನುವುದು ನೀವು ಆರಿಸುವ ದೇಶ ಮತ್ತು ಕೋರ್ಸಿನಲ್ಲೇ ನಿರ್ಧಾರ ಆಗಿಬಿಟ್ಟಿರುತ್ತದೆ. ಸೀಟು ಸಿಕ್ಕಿ, ಫೀಸು ಕಟ್ಟಿದ ಮೇಲೆ ಕೇಳುವ ಪ್ರಶ್ನೆ ಅಲ್ಲ ಇದು. ಅರ್ಜಿ ಹಾಕುವ ಮೊದಲೇ ಕೇಳಬೇಕಾದದ್ದು. ನೀವು ಇನ್ನೂ ಫೀಸು ಕಟ್ಟಿಲ್ಲ ಅಂತ ನಿಮ್ಮ ಪತ್ರದಿಂದ ಅಂದಾಜು ಮಾಡಿದ್ದೇನೆ. ಕಟ್ಟಿಲ್ಲದಿದ್ದರೆ ಒಳ್ಳೆಯದೇ ಆಯಿತು.

ಇನ್ನು ಆಸ್ಟ್ರೇಲಿಯಾ. ಅಲ್ಲಿ ಮನೆಯವರು ಬರಬಹುದು. ಸ್ಟೂಡೆಂಟ್ ವೀಸಾದಲ್ಲೇ ಗಂಡ ಮತ್ತು ಮಕ್ಕಳನ್ನು ಸೇರಿಸಬಹುದು. ನೀವು ಮಾಸ್ಟರ್ಸ್ ಮಾಡುವುದರಿಂದ, ನಿಮ್ಮ ಕೋರ್ಸ್ ಶುರುವಾದ ಮೇಲೆ ನಿಮ್ಮ ಗಂಡನ ದುಡಿಮೆಗೆ ಗಂಟೆಗಳ ಮಿತಿ ಇಲ್ಲ. ನಿಮಗೆ ಮಾತ್ರ ಕ್ಲಾಸು ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಯ ಮಿತಿ ಇದೆ. ಇಷ್ಟು ಕೇಳಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಈಗ ದುಡ್ಡಿನ ಲೆಕ್ಕ ನೋಡಿ.

2024ರ ಮೇ 10ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಒಂದು ವರ್ಷದ ಜೀವನ ಖರ್ಚಿಗೆ ವಿದ್ಯಾರ್ಥಿ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಗಂಡನಿಗೆ 10,394. ಒಂದೊಂದು ಮಗುವಿಗೆ 4,449. ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಶಾಲೆಯ ಖರ್ಚು ಅಂತ ಬೇರೆಯಾಗಿ 13,502. ನಿಮ್ಮ ನಾಲ್ವರಿಗೆ ಕೂಡಿಸಿದರೆ 62,504 ಡಾಲರ್. ಡಾಲರಿಗೆ 60 ರೂಪಾಯಿ ಅಂತ ಹಿಡಿದರೂ 37 ಲಕ್ಷ ದಾಟಿತು. ಇದರಲ್ಲಿ ಕೋರ್ಸಿನ ಫೀಸು ಸೇರಿಲ್ಲ, ವಿಮಾನದ ಟಿಕೆಟ್ ಸೇರಿಲ್ಲ, ಇಡೀ ಕುಟುಂಬದ ಆರೋಗ್ಯ ವಿಮೆಯೂ ಸೇರಿಲ್ಲ. ನಿಮ್ಮ 30 ಲಕ್ಷದ ಸಾಲದ ಪತ್ರವನ್ನು ಇನ್ನೊಮ್ಮೆ ಓದಿ. ಶಿಕ್ಷಣ ಸಾಲ ಸಾಮಾನ್ಯವಾಗಿ ಓದುವವರ ಖರ್ಚಿಗೆ ಮಾತ್ರ. ಗಂಡ, ಮಕ್ಕಳ ಖರ್ಚಿಗೆ ಬೇರೆ ದುಡ್ಡು ಬೇಕು. ಆ ದುಡ್ಡು ಎಲ್ಲಿಂದ ಬಂತು ಅಂತ ತೋರಿಸಲೂ ಬೇಕು. ಯಾರಿಂದಲೋ ಒಂದು ತಿಂಗಳಿಗೆ ತಂದು ಖಾತೆಗೆ ಹಾಕಿ 'ಫಂಡ್ ತೋರಿಸುವ' ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗೋ ಹೀಗೋ ದುಡ್ಡು ತೋರಿಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಅಲ್ಲಿ ಇಳಿದ ಮೇಲೆ ಮಗನ ಪ್ರಶ್ನೆ ಏಳುತ್ತದೆ. ಮೂರು ವರ್ಷದ ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ? ಅಲ್ಲಿಯ ಚೈಲ್ಡ್‌ಕೇರ್ ದುಬಾರಿ. ಅಲ್ಲಿನವರಿಗೆ ಸರ್ಕಾರ ಕೊಡುವ ಸಬ್ಸಿಡಿ ಸ್ಟೂಡೆಂಟ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಹಲವು ಮನೆಗಳಲ್ಲಿ ನಡೆಯುವುದು ಇಷ್ಟೇ: ಒಬ್ಬರು ಹಗಲು ಕ್ಲಾಸಿಗೆ, ಇನ್ನೊಬ್ಬರು ರಾತ್ರಿ ಕೆಲಸಕ್ಕೆ, ಮಗುವನ್ನು ಬಾಗಿಲ ಹತ್ತಿರ ಕೈಯಿಂದ ಕೈಗೆ ದಾಟಿಸುವುದು. ನಾಲ್ವರೂ ಒಂದೇ ಸೂರಿನಡಿ ಇರುತ್ತಾರೆ ನಿಜ. ಒಟ್ಟಿಗೆ ಕೂತು ಊಟ ಮಾಡಲು ಮಾತ್ರ ಭಾನುವಾರದವರೆಗೆ ಕಾಯಬೇಕು.

ನಿಮ್ಮ ಗಂಡನ ಕಸುಬಿನ ಬಗ್ಗೆಯೂ ನೇರವಾಗಿ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದೆ ವಯರಿಂಗ್ ಮಾಡುವುದು ಕಾನೂನಿಗೆ ವಿರುದ್ಧ. ಸ್ವಂತ ಮನೆಯ ಒಂದು ಸ್ವಿಚ್ ಬದಲಿಸಲೂ ಲೈಸೆನ್ಸ್ ಇದ್ದವರೇ ಬೇಕು. ಹೊರದೇಶದ ಎಲೆಕ್ಟ್ರಿಷಿಯನ್ನರು ಮೊದಲು ತಮ್ಮ ಕೌಶಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಮೇಲೆ ಅಲ್ಲಿನವರ ಕೈಕೆಳಗೆ ಸ್ವಲ್ಪ ಕಾಲ ದುಡಿಯಬೇಕು. ಲೈಸೆನ್ಸ್ ಆಮೇಲಿನ ಮಾತು. ಅಲ್ಲಿಯವರೆಗೆ ಸಿಗುವುದು ಗೋದಾಮು, ಕ್ಲೀನಿಂಗ್, ಡೆಲಿವರಿ ಇಂಥ ಕೆಲಸ. ಅದರಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಉಡುಪಿಯಲ್ಲಿ ನಾಲ್ಕು ಜನರಿಗೆ ಕೆಲಸ ಕೊಟ್ಟ ಅಂಗಡಿ ಯಜಮಾನರು ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರಾ? ಇದನ್ನು ಅವರ ಬಾಯಿಂದಲೇ ಕೇಳಿ. ನಿಮ್ಮ ಪತ್ರದಲ್ಲಿ ಅಂಗಡಿ ಇದೆ, ಅತ್ತೆ ಇದ್ದಾರೆ, ಏಜೆಂಟರು ಇದ್ದಾರೆ. ಗಂಡ ಏನು ಹೇಳಿದರು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಇದನ್ನು ಒತ್ತಿ ಹೇಳಲು ನನಗೆ ಸ್ವಂತ ಕಾರಣ ಇದೆ. 2003ರಲ್ಲಿ ನಾನು ಪಿಎಚ್‌ಡಿಗೆಂದು ಅಮೆರಿಕಕ್ಕೆ ಹೋದೆ. ನನ್ನ ಹೆಂಡತಿ ಮಂಗಳೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಕೆಲಸ ಬಿಟ್ಟು, ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಜೊತೆಗೆ ಬಂದಳು. ಎಫ್-1 ಅನ್ನುವ ಸ್ಟೂಡೆಂಟ್ ವೀಸಾದವರ ಸಂಗಾತಿಗೆ ಸಿಗುವುದು ಎಫ್-2 ವೀಸಾ. ಅದರಲ್ಲಿ ಒಂದು ದಿನವೂ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಇವತ್ತಿಗೂ ಅದೇ ನಿಯಮ. ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಹಿಮ ಬಿದ್ದ ಊರಿನಲ್ಲಿ ಎರಡನೇ ಮಹಡಿಯ ಮನೆಯಲ್ಲಿ ಹಗಲಿಡೀ ಕೂರುವುದು ಬೇರೆ. ಫೆಬ್ರವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು, "ಇವತ್ತು ಬೆಳಿಗ್ಗೆಯಿಂದ ನಾನು ದೊಡ್ಡವರ ಹತ್ತಿರ ಒಂದು ಮಾತೂ ಆಡಿಲ್ಲ, ತುಳುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ" ಅಂದಳು. ಅವತ್ತು ನಾನು ಲ್ಯಾಬಿನಲ್ಲಿ ಹನ್ನೊಂದು ಗಂಟೆ ಕಳೆದು ಬಂದಿದ್ದೆ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಊರಿನ ಲೈಬ್ರರಿಯಲ್ಲಿ ಸಂಬಳ ಇಲ್ಲದೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದಳು. ಅಂಥ ಸ್ವಯಂಸೇವೆಗೆ ಅಡ್ಡಿ ಇರಲಿಲ್ಲ. ಅದು ಅವಳನ್ನು ಉಳಿಸಿತು, ನಮ್ಮ ಮನೆಯನ್ನೂ ಉಳಿಸಿತು. ಆದರೆ ಹೊರಡುವ ಮೊದಲೇ "ಅಲ್ಲಿ ನಿನ್ನ ಹಗಲು ಹೇಗಿರುತ್ತದೆ?" ಅಂತ ನಾನು ಕೇಳಬೇಕಿತ್ತು. ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಜೊತೆಗೆ ಹೋಗುವವರು ಗಂಡ. 'ಹೆಂಡತಿಯ ವೀಸಾದಲ್ಲಿ ಹೋದ' ಅಂತ ಮದುವೆ ಮನೆಗಳಲ್ಲಿ ಮಾತು ಬರುತ್ತದೆ. ಬರಲಿ ಬಿಡಿ. ಅಳಿಯಸಂತಾನ ನಡೆದು ಬಂದ ನಾಡು ನಮ್ಮದು. ಹೆಣ್ಣಿನ ಕಡೆಯಿಂದ ಮನೆತನವನ್ನೇ ಎಣಿಸಿದವರಿಗೆ ಹೆಣ್ಣಿನ ಹೆಸರಿನಲ್ಲಿ ಒಂದು ವೀಸಾ ದೊಡ್ಡ ಸಂಗತಿ ಆಗಬಾರದು.

ಈಗ ನೀವು ಕೇಳದೆ ಬಿಟ್ಟ ಒಂದು ವಿಷಯ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಇದೇ ದೊಡ್ಡದು. ನಿಮ್ಮ ವಯಸ್ಸು 34. ಓದು ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಇದ್ದು ಕೆಲಸ ಮಾಡಲು ಟೆಂಪರರಿ ಗ್ರಾಜುಯೇಟ್ ವೀಸಾ ಬೇಕು. ಕೋರ್ಸ್‌ವರ್ಕ್ ಮಾಸ್ಟರ್ಸ್, ಅಂದರೆ ನಿಮ್ಮದರ ಹಾಗೆ ಕ್ಲಾಸಿನ ಪಾಠವೇ ಮುಖ್ಯವಾದ ಮಾಸ್ಟರ್ಸ್, ಮಾಡಿದ ಭಾರತೀಯರಿಗೆ ಅದು ಮೂರು ವರ್ಷದವರೆಗೆ ಸಿಗುತ್ತದೆ. ಆದರೆ 2024ರ ಜುಲೈ 1ರಿಂದ ಅದರ ವಯಸ್ಸಿನ ಮಿತಿಯನ್ನು 50ರಿಂದ 35ಕ್ಕೆ ಇಳಿಸಿದ್ದಾರೆ. ರಿಸರ್ಚ್ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ 50 ಉಳಿದಿದೆ. ಎರಡು ವರ್ಷದ ಕೋರ್ಸ್ ಮುಗಿಯುವ ಹೊತ್ತಿಗೆ ನಿಮಗೆ 36. ಬಾಗಿಲು ಮುಚ್ಚಿರುತ್ತದೆ. "ಎರಡು ವರ್ಷ ಕಷ್ಟಪಡೋಣ, ಆಮೇಲೆ ದುಡಿದು ಸಾಲ ತೀರಿಸೋಣ" ಅನ್ನುವ ಲೆಕ್ಕ ನಿಮ್ಮ ತಲೆಯಲ್ಲಿದ್ದರೆ ಅದು ಇಲ್ಲಿಗೇ ನಿಲ್ಲುತ್ತದೆ. ಏಜೆಂಟರು ಇದನ್ನು ಹೇಳಿದರಾ? ಹೇಳಿರಲಿಕ್ಕಿಲ್ಲ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. ನಿಮ್ಮ ಮನೆಗೆ ಹೆಚ್ಚು ಹೊಂದುವುದು ಕೆನಡಾ ಅಂತ ನನ್ನ ಅಭಿಪ್ರಾಯ. 2025ರ ಜನವರಿ 21ರಿಂದ ಅಲ್ಲಿಯೂ ನಿಯಮ ಬಿಗಿಯಾಗಿದೆ. ವಿದ್ಯಾರ್ಥಿಯ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್ (ಒಬ್ಬರೇ ಮಾಲೀಕರಿಗೆ ಕಟ್ಟುಬೀಳದೆ ದುಡಿಯುವ ಅನುಮತಿ) ಸಿಗಬೇಕಾದರೆ ಕೋರ್ಸ್ ಪಿಎಚ್‌ಡಿ ಆಗಿರಬೇಕು, ಅಥವಾ 16 ತಿಂಗಳು ಮತ್ತು ಅದಕ್ಕಿಂತ ಉದ್ದದ ಮಾಸ್ಟರ್ಸ್ ಆಗಿರಬೇಕು, ಅಥವಾ ಪಟ್ಟಿಯಲ್ಲಿರುವ ಕೆಲವು ವೃತ್ತಿ ಕೋರ್ಸುಗಳಲ್ಲಿ ಒಂದಾಗಿರಬೇಕು. 16 ಅನ್ನುವ ಅಂಕಿಯನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. 12 ತಿಂಗಳ ಮಾಸ್ಟರ್ಸ್ ಅಗ್ಗ ಅಂತ ಸೇರಿದರೆ ಗಂಡನ ಕೆಲಸದ ಪರ್ಮಿಟ್ ಹೋಯಿತು. ಓದು ಮುಗಿದ ಮೇಲೆ ಮಾಸ್ಟರ್ಸ್‌ನವರಿಗೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗಬಹುದು. ಅದಕ್ಕೆ 35ರ ಮಿತಿ ಇಲ್ಲ. ಮಕ್ಕಳ ಶಾಲೆಗೆ ಹಲವು ಪ್ರಾಂತ್ಯಗಳಲ್ಲಿ ಫೀಸು ಕೊಡಬೇಕಾಗಿಲ್ಲ. ಊರಿನಿಂದ ಊರಿಗೆ ನಿಯಮ ಬೇರೆ ಇರುವುದರಿಂದ ಅಲ್ಲಿನ ಸ್ಕೂಲ್ ಬೋರ್ಡಿಗೇ ಇಮೇಲ್ ಬರೆದು ಕೇಳಿ. ನಾಲ್ವರ ಕುಟುಂಬಕ್ಕೆ ತೋರಿಸಬೇಕಾದ ಜೀವನ ಖರ್ಚು, 2025ರ ಸೆಪ್ಟೆಂಬರ್ 1ರಿಂದ, ವರ್ಷಕ್ಕೆ 42,543 ಕೆನಡಿಯನ್ ಡಾಲರ್. ಇದೂ ಸಣ್ಣ ಮೊತ್ತ ಅಲ್ಲ. ಈ ಅಂಕಿಗಳನ್ನು ವರ್ಷ ವರ್ಷ ಏರಿಸುತ್ತಿದ್ದಾರೆ, ಅರ್ಜಿ ಹಾಕುವ ದಿನ ಆಯಾ ಸರ್ಕಾರದ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿ. ವಯರಿಂಗಿಗೆ ಅಲ್ಲಿಯೂ ಲೈಸೆನ್ಸ್ ಬೇಕು.

ಜರ್ಮನಿಯಲ್ಲಿ ಫೀಸು ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನಿಮ್ಮ ಗಂಡ ಸಾಮಾನ್ಯವಾಗಿ ಎ1 ಅನ್ನುವ ಆರಂಭಿಕ ಮಟ್ಟದ ಜರ್ಮನ್ ಭಾಷಾ ಪರೀಕ್ಷೆ ಪಾಸಾಗಿರಬೇಕು, ನಾಲ್ವರಿಗೆ ಸಾಕಾಗುವ ಮನೆ ತೋರಿಸಬೇಕು. ಅಲ್ಲಿನ ಅಗ್ಗದ ಸ್ಟೂಡೆಂಟ್ ಆರೋಗ್ಯ ವಿಮೆ 30 ವರ್ಷದವರೆಗೆ ಮಾತ್ರ. ನಿಮ್ಮ ವಯಸ್ಸಿಗೆ ಅದು ಕಷ್ಟದ ದಾರಿ.

ಇನ್ನೊಂದು ಮಾತು. ನೀವು ನರ್ಸ್. ಮನೆಯವರ ಜೊತೆ ಹೋಗುವುದೇ ಮುಖ್ಯ ಅಂತಾದರೆ ಓದಲಿಕ್ಕೇ ಹೋಗಬೇಕು ಅಂತ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಕೇರ್ ವರ್ಕರ್‌ಗಳು (ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವ ಸಹಾಯಕರು) ಮನೆಯವರನ್ನು ಕರೆತರುವುದನ್ನು 2024ರ ಮಾರ್ಚ್ 11ರಿಂದ ನಿಲ್ಲಿಸಿದ್ದಾರೆ. ರಿಜಿಸ್ಟರ್ಡ್ ನರ್ಸ್ ಆಗಿ ಕೆಲಸದ ವೀಸಾದಲ್ಲಿ ಹೋಗುವವರಿಗೆ ಆ ನಿಷೇಧ ಇಲ್ಲ, ಗಂಡ ಮಕ್ಕಳು ಬರಬಹುದು, ಗಂಡ ದುಡಿಯಬಹುದು. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ, ಇವು ಮೆಟ್ಟಿಲುಗಳು. ಆಸ್ಟ್ರೇಲಿಯಾದಲ್ಲೂ ನರ್ಸ್ ಆಗಿ ನೋಂದಣಿ ಮಾಡಿಸಿಕೊಂಡರೆ ಅಂಕಗಳ ಲೆಕ್ಕದಲ್ಲಿ ಕೊಡುವ ಸ್ಕಿಲ್ಡ್ ವೀಸಾಗಳಿಗೆ 45 ವರ್ಷದ ಒಳಗಿನವರು ಪ್ರಯತ್ನಿಸಬಹುದು. ಸಂಬಳ ಮೊದಲು, ಮಾಸ್ಟರ್ಸ್ ಆಮೇಲೆ. ಮಣಿಪಾಲ, ಮಂಗಳೂರಿನಲ್ಲಿ ಕಲಿತ ಎಷ್ಟೋ ನರ್ಸುಗಳು ಈ ದಾರಿ ಹಿಡಿದಿದ್ದಾರೆ. ನಿಮ್ಮ ಹಳೆಯ ಕ್ಲಾಸ್‌ಮೇಟ್‌ಗಳಲ್ಲೇ ಒಬ್ಬರು ಸಿಗಬಹುದು. ಏಜೆಂಟರಿಗಿಂತ ಮೊದಲು ಅವರಿಗೆ ಫೋನ್ ಮಾಡಿ.

ಈಗ ಅತ್ತೆಯ ಮಾತು. ಎರಡು ವರ್ಷ ಮಕ್ಕಳನ್ನು ಬಿಟ್ಟು ಹೋಗಿ ಅಂತ ನಾನು ಹೇಳಲಾರೆ. ಮೂರು ವರ್ಷದ ಮಗುವಿಗೆ ಎರಡು ವರ್ಷ ಅಂದರೆ ಅದರ ಆಯುಸ್ಸಿನ ಬಹುಪಾಲು. ಆದರೆ ಮೊದಲ ನಾಲ್ಕೈದು ತಿಂಗಳು ನೀವೊಬ್ಬರೇ ಹೋಗುವುದು ಒಳ್ಳೆಯದು. ಅಷ್ಟರಲ್ಲಿ ಮನೆ ಹುಡುಕಬಹುದು, ಶಾಲೆ ನೋಡಬಹುದು, ಮೊದಲ ಸೆಮಿಸ್ಟರಿನ ಓದು ಹಿಡಿತಕ್ಕೆ ಬರುತ್ತದೆ. ಎರಡು ಸೂಟ್‌ಕೇಸ್, ಎರಡು ಮಕ್ಕಳು, ಬಾಡಿಗೆ ಮನೆ ಗೊತ್ತಾಗದೆ ಹೋಟೆಲಿನಲ್ಲಿ ಹದಿನೈದು ದಿನ ಕಳೆದವರನ್ನು ನಾನು ಕಂಡಿದ್ದೇನೆ. ಆ ದಿನಗಳು ಓದನ್ನೂ ನುಂಗಿದವು, ದುಡ್ಡನ್ನೂ ನುಂಗಿದವು. ಮಕ್ಕಳು ಆ ಕಾಲದಲ್ಲಿ ಗಂಡನ ಜೊತೆಗೆ, ಅಜ್ಜ ಅಜ್ಜಿಯ ಮನೆಯಲ್ಲಿ ಇರಲಿ. ಮಗಳಿಗೆ ನಿಜ ಹೇಳಿ: ಯಾವ ತಿಂಗಳು ಬರುತ್ತೀರಿ, ಯಾವ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತೀರಿ. ಟೊರಾಂಟೊ ನಮಗಿಂತ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಹಿಂದೆ. ಅವಳು ಶಾಲೆಯಿಂದ ಬಂದು ತಿಂಡಿ ತಿನ್ನುವಾಗ ನಿಮಗೆ ಬೆಳಗಿನ ಜಾವ. ಏಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನೀವು ಒಬ್ಬರೇ ಮೊದಲು ಹೋದರೂ ಅರ್ಜಿಯಲ್ಲಿ ಗಂಡ, ಇಬ್ಬರು ಮಕ್ಕಳ ಹೆಸರು ಇರಲೇಬೇಕು. ಆಸ್ಟ್ರೇಲಿಯಾದಲ್ಲಂತೂ ಮೊದಲ ಅರ್ಜಿಯಲ್ಲಿ ತೋರಿಸದ ಕುಟುಂಬದವರನ್ನು ಆಮೇಲೆ ಡಿಪೆಂಡೆಂಟ್ ಆಗಿ ಸೇರಿಸಲು ಆಗುವುದಿಲ್ಲ. "ಮಕ್ಕಳಿದ್ದಾರೆ ಅಂತ ಬರೆದರೆ ವೀಸಾ ರಿಜೆಕ್ಟ್ ಆಗುತ್ತದೆ" ಅಂತ ಹೇಳುವವರಿದ್ದಾರೆ. ಕೇಳಬೇಡಿ.

ಕಾಗದ ಪತ್ರಗಳ ಕೆಲಸ ಇವತ್ತೇ ಶುರು ಮಾಡಿ, ಅದಕ್ಕೆ ಯಾವ ದೇಶ ಅಂತ ನಿರ್ಧಾರ ಆಗಬೇಕಾಗಿಲ್ಲ. ಮದುವೆ ಸರ್ಟಿಫಿಕೇಟ್ ಅಂದರೆ ದೇವಸ್ಥಾನದವರೋ ಹಾಲ್‌ನವರೋ ಕೊಟ್ಟ ಚೀಟಿ ಅಲ್ಲ, ಸರ್ಕಾರದ ನೋಂದಣಿ ಆಗಿರಬೇಕು. ಆಗಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಹಿಂದೂ ವಿವಾಹಕ್ಕೆ ರಾಜ್ಯ ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿಯೂ ಇದೆ. ಮಕ್ಕಳ ಜನನ ಪತ್ರದಲ್ಲಿ ಹೆಸರು ಸೇರಿದೆಯಾ ನೋಡಿ. ಮಗು ಹುಟ್ಟಿದ ಕೂಡಲೇ ತೆಗೆದ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿರುವುದು ತುಂಬ ಸಾಮಾನ್ಯ.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ಕತೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರಿನಲ್ಲಿ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆತನದ ಹೆಸರು, ಮಗಳ ಜನನ ಪತ್ರದಲ್ಲಿ ತಾಯಿಯ ತವರಿನ ಹೆಸರು. ನಮಗೆ ಇವೆಲ್ಲ ಒಬ್ಬಳೇ ಹೆಂಗಸು. ವೀಸಾ ಅಧಿಕಾರಿಗೆ ನಾಲ್ವರು. ನಾಲ್ಕೂ ಕಾಗದ ಎದುರಿಗಿಟ್ಟುಕೊಂಡು ಒಂದು ಸಂಜೆ ಕೂತು ಹೋಲಿಸಿ. ತಿದ್ದಲು ಆಗುವುದನ್ನು ತಿದ್ದಿಸಿ, ಆಗದ್ದಕ್ಕೆ ಅಫಿಡವಿಟ್ ಮಾಡಿಸಿ. ಮಕ್ಕಳ ಲಸಿಕೆಯ ದಾಖಲೆ ಇರುವ ತಾಯಿ ಕಾರ್ಡನ್ನು ಜೋಪಾನ ಮಾಡಿ, ಅದರ ವಿವರವನ್ನು ಇಂಗ್ಲಿಷಿನಲ್ಲಿ ಮಕ್ಕಳ ಡಾಕ್ಟರಿಂದ ಬರೆಸಿಟ್ಟುಕೊಳ್ಳಿ. ಅಲ್ಲಿಯ ಶಾಲೆ, ಚೈಲ್ಡ್‌ಕೇರ್‌ನವರು ಮೊದಲು ಕೇಳುವುದು ಅದನ್ನೇ. ಮಾವನವರ ಹೆಸರಿನಲ್ಲಿ ಹಳೆಯ ಸಿಂಡಿಕೇಟ್ ಬ್ಯಾಂಕಿನ ಎಫ್‌ಡಿ ರಸೀದಿಗಳೇನಾದರೂ ಇದ್ದರೆ ಈಗಿನ ಕೆನರಾ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬ್ಯಾಲೆನ್ಸ್ ಪತ್ರ ತೆಗೆದುಕೊಳ್ಳಿ. 2020ರ ಏಪ್ರಿಲ್‌ನಲ್ಲಿ ವಿಲೀನವಾದದ್ದು ನಮಗೆ ಗೊತ್ತು, ಹೊರಗಿನವರಿಗೆ ಗೊತ್ತಿರಬೇಕಾಗಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಲದ ಎರಡೂ ಸೀಟುಗಳನ್ನು ಬಿಡುತ್ತಿದ್ದೆ. ಅದು ಸುಲಭದ ಮಾತಲ್ಲ ಅಂತ ಗೊತ್ತು, ಎಷ್ಟು ರಾತ್ರಿ ಕೂತು ಅರ್ಜಿ ಬರೆದಿರುತ್ತೀರಿ! ಒಂದು ವರ್ಷ ತೆಗೆದುಕೊಂಡು, ಕೆನಡಾದಲ್ಲಿ 16 ತಿಂಗಳಿಗಿಂತ ಉದ್ದದ ಮಾಸ್ಟರ್ಸ್‌ಗೆ ಅರ್ಜಿ ಹಾಕಿ. ಜೊತೆಜೊತೆಗೆ ನರ್ಸ್ ನೋಂದಣಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯನ್ನೂ ಬರೆದಿಟ್ಟುಕೊಳ್ಳಿ. ಇಂಗ್ಲೆಂಡಿನ ಕೋರ್ಸೇ ನಿಮಗೆ ಬೇಕು ಅಂತಿದ್ದರೆ ಅದನ್ನು ಒಂದು ವರ್ಷದ ಒಂಟಿ ಪ್ರಯಾಣ ಅಂತ ಒಪ್ಪಿಕೊಂಡು ಹೋಗಿ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ನಿಜವಾದ ಪ್ರವಾಸಿಗಳಾಗಿ ಒಂದು ತಿಂಗಳು ಬಂದು ಹೋಗಲಿ. ವಿಸಿಟ್ ವೀಸಾ ಇರುವುದೇ ಅದಕ್ಕೆ.

ಅದಕ್ಕೂ ಮೊದಲು ಈ ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ನೀವಿಬ್ಬರೇ ಮಲ್ಪೆ ಕಡಲತೀರಕ್ಕೆ ಹೋಗಿ ಕೂತು ಮಾತಾಡಿ. ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ, ಅಲ್ಲಿ ಅವರು ಯಾವ ಕೆಲಸಕ್ಕೆ ತಯಾರು, ಯಾವುದಕ್ಕೆ ತಯಾರಿಲ್ಲ, ಎಲ್ಲ ಅವರ ಬಾಯಿಂದಲೇ ಬರಲಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಅವರ ಮಾತೂ ಇರಲಿ.